ಕೆಳಗೆ ಬರುವವನು

ನಮ್ಮ ಅಕ್ಕನ ಮಗ ಹದಿನೇಳನೇ ವಯಸ್ಸಿನಿಂದ ಇಪ್ಪತ್ತಾರರವರೆಗೆ ಮಾಡಿದ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಒಬ್ಬಳು ಹುಡುಗಿಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದು, ಐಸಿನ ಮೇಲೆ ಜಾರುತ್ತಾ ಗಿರಗಿರ ಸುತ್ತಿ, ಅವಳಿಗೆ ಏನೂ ಆಗದ ಹಾಗೆ ಕೆಳಗಿಳಿಸುವುದು. ಜೋಡಿ ಸ್ಕೇಟಿಂಗ್ ಅಂತಾರೆ ಅದಕ್ಕೆ. ನೋಡಲು ಬಂದವರ ಕಣ್ಣೆಲ್ಲ ಹುಡುಗಿಯ ಮೇಲೆ. ಕೆಳಗಿದ್ದವನನ್ನು ಯಾರು ಕೇಳಬೇಕು? ನೋಡುತ್ತಿದ್ದವಳು ನಾನೊಬ್ಬಳು, ಅದೂ ಅವನ ಕಾಲನ್ನು.

ಕಾಲೇ ನನ್ನ ಕಸುಬು. ಆ ರಿಂಕಿನ, ಅಂದರೆ ಐಸಿನ ಅಂಗಳದ, ಸಾಣೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಸ್ಕೇಟ್ ಬ್ಲೇಡುಗಳಿಗೆ ಸಾಣೆ ಹಿಡಿದವಳು ನಾನು. ಒಂದು ಮೋಟರು, ಒಂದು ಕಲ್ಲು, ಒಂದು ಸ್ಟೂಲು, ಕಿಟಕಿ ಅನ್ನುವುದೇ ಇಲ್ಲ. ಸ್ಕೇಟಿನ ಬ್ಲೇಡು ಚಾಕುವಿನ ಹಾಗಲ್ಲ, ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಅದರ ಎರಡು ಕಡೆ ಎರಡು ಅಂಚು. ಅಂಚು ಸವೆದ ರೀತಿ ನೋಡಿದರೆ ಸಾಕು, ಆಡುವವನು ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ, ಯಾವ ಮಂಡಿ ನೋಯುತ್ತಿದೆ, ಯಾವ ಜಿಗಿತಕ್ಕೆ ಹೆದರುತ್ತಾನೆ, ಎಲ್ಲಾ ಗೊತ್ತಾಗುತ್ತದೆ. ಡಾಕ್ಟರ ಹತ್ತಿರ ಸುಳ್ಳು ಹೇಳಬಹುದು, ನನ್ನ ಹತ್ತಿರ ನಡೆಯುತ್ತಿರಲಿಲ್ಲ. ಮೂಗು ತೂರಿಸುವವಳು ಅಂತ ನನಗೆ ಹೆಸರೂ ಬಂದಿತ್ತು. ಬರಲಿ ಬಿಡಿ.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಭಾವ ಅನ್ನಿಸಿಕೊಂಡವನು ಯಾವತ್ತೋ ಜಾಗ ಖಾಲಿ ಮಾಡಿದ್ದ. ಹುಡುಗ ಶಾಲೆ ಮುಗಿಸಿ ನನ್ನ ಜೊತೆ ರಿಂಕಿಗೆ ಬರುತ್ತಿದ್ದ, ಹಾಗೇ ಸ್ಕೇಟಿಂಗ್ ಕಲಿತ. ಒಬ್ಬನೇ ಆಡುವಾಗ ಅವನ ಜಿಗಿತ ನೋಡಿದರೆ ನಗು ಬರುತ್ತಿತ್ತು, ಬೀರು ಉರುಳಿದ ಹಾಗೆ. ಉದ್ದಕ್ಕೆ ಬೆಳೆದು ನಿಂತಿದ್ದ, ಭುಜ ಅಗಲ, ಮಾತು ಕಡಿಮೆ. ಎಲ್ಲರೂ ಕಂಬ ಅಂತಲೇ ಕರೆಯುತ್ತಿದ್ದರು.

ಮೇಷ್ಟ್ರ ಕಣ್ಣು ಅವನ ಭುಜದ ಮೇಲೆ ಬಿತ್ತು. ಮೇಷ್ಟ್ರು ಅಂದರೆ ಜೋಡಿ ಸ್ಕೇಟಿಂಗ್ ಕಲಿಸುವವರು, ತಾವೂ ಹರೆಯದಲ್ಲಿ ಅದನ್ನೇ ಆಡಿ ಎರಡೂ ಮಂಡಿ ಕಳೆದುಕೊಂಡವರು. ಜೋಡಿಗೆ ಹುಡುಗಿಯರು ಬೇಕಾದಷ್ಟು ಸಿಗುತ್ತಾರೆ, ಎತ್ತುವ ಹುಡುಗರು ಸಿಗುವುದಿಲ್ಲ. ಕಂಬನನ್ನು ಕರೆದು ಆರು ತಿಂಗಳು ಹುಡುಗಿಯನ್ನೇ ತೋರಿಸಲಿಲ್ಲ. ಚಾಪೆಯ ಮೇಲೆ ನಿಲ್ಲಿಸಿ ಮರಳಿನ ಚೀಲ ಎಸೆಯುತ್ತಿದ್ದರು. ಹಿಡಿಯುವುದಕ್ಕಲ್ಲ, ಅದು ನೆಲ ಮುಟ್ಟುವ ಮುಂಚೆ ಅದರ ಕೆಳಗೆ ಹೋಗಿ ಬೀಳುವುದಕ್ಕೆ.

"ಎತ್ತೋದು ಯಾರ್ ಬೇಕಾದ್ರೂ ಎತ್ತುತ್ತಾರೆ ಕಣಯ್ಯಾ," ಅನ್ನುತ್ತಿದ್ದರು ಮೇಷ್ಟ್ರು. "ಕೈ ಜಾರೋದೂ ಎಲ್ಲರಿಗೂ ಜಾರುತ್ತೆ. ಜಾರಿದಾಗ ನೀನು ಕೆಳಗಿರಬೇಕು. ಅವಳ ತಲೆ ಐಸಿಗೆ ತಾಗಬಾರದು. ನಿನ್ನ ಮೂಳೆ ಮುರಿದ್ರೆ ಕೂಡುತ್ತೆ."

ಚೀಲ ದಪ್ಪ್ ಅಂತ ಎದೆ ಮೇಲೆ ಬೀಳುತ್ತಿತ್ತು, ಇವನು ಎದ್ದು ಮತ್ತೆ ನಿಲ್ಲುತ್ತಿದ್ದ. ಸಂಜೆ ಅಂಗಿ ಬಿಚ್ಚಿದರೆ ಮೈಯೆಲ್ಲ ನೀಲಿ. ಅಕ್ಕ ನನಗೆ ಮಂಗಳಾರತಿ ಎತ್ತುತ್ತಿದ್ದಳು. "ನಿನ್ನಿಂದಲೇ ಇದೆಲ್ಲ. ಮಗೂನ ಕೊಲ್ಲೋಕೆ ಕರ್ಕೊಂಡ್ ಹೋಗ್ತೀಯೇನೇ?"

ಅವನಿಗೆ ಹದಿನೇಳಾದಾಗ ಚೋಟು ಬಂದಳು. ಬಸ್ ಡ್ರೈವರ್ ಒಬ್ಬರ ಒಬ್ಬಳೇ ಮಗಳು, ತಾಯಿ ಇರಲಿಲ್ಲ. ವಯಸ್ಸು ಹದಿಮೂರು, ನೋಡಿದರೆ ಹತ್ತು ಅನ್ನಬೇಕು. ಆಳು ಚೋಟುದ್ದ, ನಾಲಿಗೆ ಮಾರುದ್ದ. ಮೊದಲ ದಿನವೇ ಕಂಬನನ್ನು ಮೇಲಿಂದ ಕೆಳಗೆ ನೋಡಿ, "ಕೈ ತೊಳ್ಕೊಂಡ್ ಬಂದಿದ್ದೀಯಾ?" ಅಂದಳು. ಇವನು ಪೆಚ್ಚಾಗಿ ನಿಜವಾಗಿಯೂ ಕೈ ತೊಳೆಯಲು ಹೋದ. ನಾನು ಸಾಣೆ ಕೋಣೆಯ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಅವಳಿಗೆ ಮೇಷ್ಟ್ರು ಕಲಿಸಿದ ಪಾಠ ಬೇರೆ. ಬೀಳುವಾಗ ಯಾರೇ ಆಗಲಿ ಕೈ ಚಾಚುತ್ತಾರೆ, ಮುದುರಿಕೊಳ್ಳುತ್ತಾರೆ, ಸಿಕ್ಕಿದ್ದನ್ನು ಹಿಡಿಯುತ್ತಾರೆ. ಚೋಟು ಹಾಗೆ ಮಾಡುವಂತಿಲ್ಲ. ಅವಳು ಮಿಸುಕಾಡಿದರೆ ಅವನಿಗೆ ಲೆಕ್ಕ ತಪ್ಪುತ್ತದೆ, ಎಲ್ಲಿ ಬೀಳುತ್ತಾಳೆ ಅಂತ ತಿಳಿಯುವುದಿಲ್ಲ. ಅದಕ್ಕೇ ಬಿಗಿಯಾಗಿ, ನೆಟ್ಟಗೆ ಇರಬೇಕು, ಅವನು ಬರುತ್ತಾನೆ ಅಂತ ನಂಬಬೇಕು. ಮನುಷ್ಯರ ಮೈಗೆ ಹುಟ್ಟಿನಿಂದ ಬಂದ ಭಯವನ್ನೇ ಆ ಮಗುವಿನ ಮೈಯಿಂದ ತೆಗೆದುಹಾಕಿದರು. ಒಂದು ವರ್ಷ ಹಿಡಿಯಿತು. ಒಂದು ವರ್ಷವಾದ ಮೇಲೆ ಅವಳು ಬೀಳುವಾಗ ಕಣ್ಣೂ ಮಿಟುಕಿಸುತ್ತಿರಲಿಲ್ಲ.

ಒಂಬತ್ತು ವರ್ಷ ಜೊತೆಗಿದ್ದರು. ಎಷ್ಟು ಸಲ ಬಿದ್ದಳು ಅಂದರೆ ನಲವತ್ತು ಅನ್ನಿ, ಐವತ್ತು ಅನ್ನಿ. ಪ್ರತಿ ಸಲವೂ ಅವನು ಕೆಳಗಿದ್ದ. ಪಕ್ಕೆಲುಬು ಎರಡು ಸಲ ಮುರಿಯಿತು, ಮುಂದಿನ ಹಲ್ಲು ಒಂದು ಹೋಯಿತು, ಅವಳ ಬ್ಲೇಡು ಹುಬ್ಬು ಸೀಳಿ ಏಳು ಹೊಲಿಗೆ ಬಿತ್ತು. ಆ ಹುಬ್ಬು ಸೀಳಿದ ಬ್ಲೇಡಿಗೆ ಸಾಣೆ ಹಿಡಿದವಳು ನಾನೇ, ಆವತ್ತು ಊಟ ಸೇರಲಿಲ್ಲ ನನಗೆ. ಚೋಟು ಮಾತ್ರ ಅವನ ಎದೆಯ ಮೇಲೆ ಎದ್ದು ಕೂತು, "ಇವತ್ತು ಹಾಸಿಗೆ ಗಟ್ಟಿಯಾಯ್ತು," ಅನ್ನುತ್ತಿದ್ದಳು. ರಕ್ತ ಒರೆಸಿಕೊಳ್ಳುತ್ತಾ ಅವನು, "ಮೂಟೆ, ಮೊದಲು ಇಳಿ," ಅನ್ನುತ್ತಿದ್ದ. ಅವರಿಬ್ಬರ ನಡುವೆ ಪ್ರೀತಿ ಗೀತಿ ಇತ್ತಾ ಅಂತ ಜನ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಒಡಹುಟ್ಟಿದವರಿಗೂ ಇಲ್ಲದ ನಂಬಿಕೆ ಇತ್ತು, ಅದಕ್ಕೆ ಯಾವ ಹೆಸರು ಬೇಕಾದರೂ ಇಟ್ಟುಕೊಳ್ಳಿ.

ದೇಶದ ಪಂದ್ಯದಲ್ಲಿ ಆರನೆಯವರಾದರು, ಐದನೆಯವರಾದರು, ನಾಲ್ಕು, ಆಮೇಲೆ ಮೂರು. ಹೊರದೇಶದ ದೊಡ್ಡ ಪಂದ್ಯಕ್ಕೆ ಕಳಿಸುವುದು ಮೊದಲ ಎರಡು ಜೋಡಿಯನ್ನು ಮಾತ್ರ. ಮೂರನೆಯವರಿಗೆ ಒಂದು ಹೂಗುಚ್ಛ ಕೊಟ್ಟು ಬೆನ್ನು ತಟ್ಟುತ್ತಾರೆ. ಆ ವರ್ಷ ಚೋಟು ಬಸ್ಸಿನಲ್ಲಿ ಮನೆಯವರೆಗೂ ಅತ್ತಳಂತೆ, ಬಸ್ಸು ಓಡಿಸುತ್ತಿದ್ದವರು ಅವಳಪ್ಪನೇ. ಮುಂದಿನ ವರ್ಷ ಆಗದಿದ್ದರೆ ಇನ್ನೆಂದೂ ಇಲ್ಲ ಅಂತ ಮೇಷ್ಟ್ರೂ ಹೇಳಿಬಿಟ್ಟರು.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಕಂಬ ಸಾಣೆ ಕೋಣೆಗೆ ಬಂದ. ಬಾಗಿಲು ಹಾಕಿಕೊಂಡ. ಶೂಸು ಕಾಲಿಗೆ ಹಾಕಿದ್ದ, ಲೇಸು ಕಟ್ಟಿರಲಿಲ್ಲ.

"ಚಿಕ್ಕಮ್ಮ, ಸ್ವಲ್ಪ ಎಳೆದು ಕಟ್ಟು."

ನಾನು ತಮಾಷೆ ಅಂದುಕೊಂಡೆ. ಸ್ಕೇಟ್ ಆಡುವವರು ತಮ್ಮ ಲೇಸನ್ನು ಹೆತ್ತ ತಾಯಿಗೂ ಮುಟ್ಟಗೊಡುವುದಿಲ್ಲ. ಎಷ್ಟು ಬಿಗಿ ಬೇಕು ಅನ್ನುವುದು ಅವರವರ ಬೆರಳಿಗೆ ಮಾತ್ರ ಗೊತ್ತು. "ಯಾಕೋ, ಮದುಮಗನಾ ನೀನು? ಕೈಗೇನಾಗಿದೆ?" ಅಂದೆ.

ಅವನು ಎಡಗೈ ಮುಂದೆ ಚಾಚಿದ. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಸೊರಗಿ ಒಳಕ್ಕೆ ಬಾಗಿದ್ದವು. ನಾನು ಸೂಜಿ ತೆಗೆದು ಚುಚ್ಚಿದೆ. ರಕ್ತ ಬಂತು, ಅವನು ಮಾತ್ರ ಅಲುಗಲಿಲ್ಲ.

ಮೊಣಕೈಯ ನರ ಸವೆದುಹೋಗಿದೆಯಂತೆ. ಆಪರೇಷನ್ ಮಾಡಿ ಒಂದು ವರ್ಷ ಸುಮ್ಮನಿರಬೇಕು, ಆಮೇಲೂ ಬಲ ಬಂದರೆ ಬಂತು ಅಂತ ಡಾಕ್ಟರು ಹೇಳಿದ್ದರು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಮೇಷ್ಟ್ರಿಗೆ ಹೇಳು. ಈಗಲೇ ಹೇಳು," ಅಂದೆ.

"ಹೇಳಿದ್ರೆ ಚೋಟು ಗತಿ ಏನು? ಇಡೀ ದೇಶದಲ್ಲಿ ಎತ್ತೋ ಹುಡುಗ್ರು ಏಳು ಜನ, ಏಳು ಜನಕ್ಕೂ ಜೋಡಿ ಇದೆ. ಅವಳಿಗೆ ಇಪ್ಪತ್ತೆರಡು. ನಾನು ಬಿಟ್ರೆ ಅವಳ ಆಟ ಮುಗೀತು. ಎಂಟು ತಿಂಗಳು ಚಿಕ್ಕಮ್ಮ, ಬರೀ ಎಂಟು ತಿಂಗಳು."

"ಕೈ ಜಾರಿದ್ರೆ?"

"ಜಾರಿದ್ರೆ ನಾನು ಕೆಳಗಿರ್ತೀನಲ್ಲ. ಯಾವತ್ತು ಇರಲಿಲ್ಲ ಹೇಳು?"

ನಿಜ, ಅವನು ಯಾವತ್ತೂ ಇದ್ದ. ನಾನು ಸ್ಟೂಲಿನ ಮೇಲಿಂದ ಇಳಿದು, ನೆಲದ ಮೇಲೆ ಕೂತು, ಅವನ ಲೇಸು ಎಳೆದು ಕಟ್ಟಿದೆ. ತನ್ನ ಬೂಟಿನ ದಾರ ಎಳೆಯಲಾಗದವನು ನಲವತ್ತೈದು ಕೆಜಿ ಹುಡುಗಿಯನ್ನು ತಲೆಯ ಮೇಲೆ ಹಿಡಿಯಹೊರಟಿದ್ದಾನೆ, ನಾನು ದಾರ ಕಟ್ಟಿ ಕಳಿಸುತ್ತಿದ್ದೇನೆ. ಎಂಥ ಮೂರ್ಖಳು ನಾನು! ದಿನಾ ಬೆಳಿಗ್ಗೆ ಬೇರೆಯವರು ಬರುವ ಮುಂಚೆ ಬಾಗಿಲು ಹಾಕಿಕೊಂಡು ಎಂಟು ತಿಂಗಳು ಕಟ್ಟಿದೆ. ಒಂಟಿಗೈಯಲ್ಲಿ ಎತ್ತುವುದನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ, ಹಾಗೆ ಚೆನ್ನಾಗಿ ಕಾಣುತ್ತದೆ ಅಂತ ಮೇಷ್ಟ್ರಿಗೆ ಸಬೂಬು ಹೇಳಿದ. ಆ ಎಂಟು ತಿಂಗಳಲ್ಲಿ ಚೋಟು ನಾಲ್ಕು ಸಲ ಬಿದ್ದಳು. ನಾಲ್ಕು ಸಲವೂ ಅವನು ಕೆಳಗಿದ್ದ. ನಾಲ್ಕನೆಯ ಸಲ ಪಕ್ಕೆಲುಬು ಮೂರನೇ ಬಾರಿ ಬಿರುಕು ಬಿಟ್ಟಿತು. ಆವತ್ತು ಮೊದಲ ಸಲ ಅವನು ಐಸಿನಿಂದ ಏಳಲು ತಡಮಾಡಿದ್ದು ಕಂಡೆ. ಕಂಡೂ ಸುಮ್ಮನಿದ್ದೆ. ಪಂದ್ಯಕ್ಕೆ ಆಗ ಮೂರು ವಾರ ಉಳಿದಿತ್ತು.

ಪಂದ್ಯದ ದಿನ ಬೆಳಿಗ್ಗೆ ಅಭ್ಯಾಸಕ್ಕೆ ಮೊದಲ ಸರದಿ ಇವರದು. ದೊಡ್ಡ ಹಾಲು, ಖಾಲಿ ಕುರ್ಚಿಗಳು, ಮೇಲೆ ದೀಪದವರು ಏಣಿ ಎಳೆದಾಡುತ್ತಿದ್ದರು. ಉಳಿದ ಜೋಡಿಗಳು ಇನ್ನೂ ಒಳಗಿದ್ದವು. ಮೇಷ್ಟ್ರು ಹಾಡಿನ ಡಿಸ್ಕ್ ಕೊಡಲು ಆಚೆ ಬದಿಯ ಮೇಜಿಗೆ ಹೋಗಿದ್ದರು, ಬೆನ್ನು ನಮ್ಮ ಕಡೆಗಿತ್ತು. ನಾನು ಐಸಿನ ಅಂಚಿನ ಕಟಾಂಜನದ ಹತ್ತಿರ ಟವೆಲು ಹಿಡಿದು ನಿಂತಿದ್ದೆ. ಕಂಬ ಅವಳನ್ನು ಎತ್ತಿದ, ಮೂರು ಸುತ್ತು ಸುತ್ತಿದ, ತಲೆಕೆಳಗಾಗಿ ಇಳಿಸುವ ಹೊತ್ತಿಗೆ ಅವಳ ಸೊಂಟದಿಂದ ಎಡಗೈ ಬಿಟ್ಟುಹೋಯಿತು.

ಚೋಟು ಕಿರುಚಲಿಲ್ಲ. ಕೈ ಚಾಚಲಿಲ್ಲ, ಮುದುರಲಿಲ್ಲ. ಕಲಿಸಿದ ಹಾಗೆ ನೆಟ್ಟಗೆ ಇದ್ದಳು. ಸದ್ದು ಮಾತ್ರ ಕೇಳಿತು. ಆ ಸದ್ದಿನ ಬಗ್ಗೆ ನಾನು ಹೇಳಲಾರೆ.

ಹನ್ನೊಂದು ದಿನ ಅವಳಿಗೆ ಪ್ರಜ್ಞೆ ಬರಲಿಲ್ಲ. ಅಷ್ಟರೊಳಗೆ ಸ್ಕೇಟಿಂಗ್ ಸಂಘದವರು ವಿಚಾರಣೆ ಇಟ್ಟರು. ಉದ್ದನೆಯ ಮೇಜಿನ ಆಚೆ ಮೂವರು. ಕಂಬ ಎದ್ದು ನಿಂತು ಕೈಯ ವಿಷಯ ಎಲ್ಲಾ ಬಾಯಿಬಿಟ್ಟ. ನಾನೂ ಲೇಸಿನ ವಿಷಯ ಹೇಳಿದೆ. ಮೇಷ್ಟ್ರು ನನ್ನ ಕಡೆ ತಿರುಗಿ, "ಸಾಣೆಯಮ್ಮ, ನಿಮಗೂ ಗೊತ್ತಿತ್ತಾ?" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಡುವೆ ಕೂತಿದ್ದವರು ಕೊನೆಗೆ ನನ್ನನ್ನು ಕೇಳಿದರು, "ಹುಡುಗಿ ಬೀಳುವಾಗ ಇವನು ಕೆಳಗೆ ಬಂದನಾ?"

ಕಂಬ ತಲೆ ಬಗ್ಗಿಸಿದ್ದ. ಅವನ ಹುಬ್ಬಿನ ಮೇಲೆ ಹಳೆಯ ಹೊಲಿಗೆ ಗುರುತು. ಪಕ್ಕದಲ್ಲಿ ಅಕ್ಕ ಕೂತು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಬಂದ," ಅಂದೆ. "ತಲುಪೋಕಾಗ್ಲಿಲ್ಲ ಅಷ್ಟೇ."

ಹಾಗೆ ಎಲ್ಲವೂ ಕೈಯ ತಪ್ಪಾಯಿತು. ಅವನನ್ನು ಆಟದಿಂದ ಆಚೆ ಹಾಕಿದರು, ನನ್ನನ್ನು ಕೆಲಸದಿಂದ. ಪಾಪ, ಜೋಡಿಗೋಸ್ಕರ ನೋವು ನುಂಗಿಕೊಂಡ ಹುಡುಗ ಅಂತ ಜನ ಮರುಗಿದರು. ಚೋಟುವಿನ ಅಪ್ಪನೂ, ಎಂಥ ದೊಡ್ಡ ಮನಸ್ಸೋ ಅವರದು, ಕಂಬನನ್ನು ತಬ್ಬಿಕೊಂಡು ಅತ್ತರು. ನಾನು ಈಗ ಹೋಟೆಲುಗಳ ಅಡಿಗೆಮನೆ ಚಾಕುಗಳಿಗೆ ಸಾಣೆ ಹಿಡಿಯುತ್ತೇನೆ. ಕಂಬ ಒಂದು ಉಗ್ರಾಣದ ಬಾಗಿಲಲ್ಲಿ ಕೂತು ಬಂದು ಹೋಗುವ ಲಾರಿಗಳಿಗೆ ಚೀಟಿ ಕೊಡುತ್ತಾನೆ, ಬಲಗೈಯಲ್ಲಿ.

ಚೋಟು ಎದ್ದಳು, ಆದರೆ ಪೂರ್ತಿ ಏಳಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದಳು. ಆ ಮಾರುದ್ದ ನಾಲಿಗೆಗೆ ಒಂದೊಂದು ಮಾತು ಸಿಗಲೂ ತಡಕಾಡಬೇಕಾಗಿತ್ತು. ಹಾಲು ಸೀದರೂ ವಾಸನೆ ತಿಳಿಯುತ್ತಿರಲಿಲ್ಲ. ಆವತ್ತಿನ ಬೆಳಿಗ್ಗೆ ಏನೂ ನೆನಪಿರಲಿಲ್ಲ, ಒಂದೇ ಒಂದು ಬಿಟ್ಟು. ಬೀಳುತ್ತಾ ಅವಳು ಕೆಳಗೆ ನೋಡಿದ್ದಳು, ಕೆಳಗೆ ಬರೀ ಐಸು ಕಂಡಿತ್ತು.

ಅದನ್ನು ಅಪ್ಪನಿಗೆ ಹೇಳಿದಳು. "ಇಲ್ಲ ಪುಟ್ಟಾ, ಅವನು ಬಂದಿದ್ದ. ಚಿಕ್ಕಮ್ಮ ನೋಡಿದ್ದಾರೆ," ಅಂದರು ಅವರು. ಡಾಕ್ಟರಿಗೆ ಹೇಳಿದಳು. ಪೆಟ್ಟು ಬಿದ್ದ ತಲೆ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಳ್ಳುತ್ತದೆ, ಅದನ್ನು ನಂಬಬೇಡ ಅಂದರಂತೆ. ಅವಳು ಒಳ್ಳೆಯ ವಿದ್ಯಾರ್ಥಿ, ಹೇಳಿದ್ದನ್ನು ಕಲಿತಳು. ತನ್ನ ತಲೆಯನ್ನು ನಂಬುವುದು ಬಿಟ್ಟಳು.

ಭಾನುವಾರ ಭಾನುವಾರ ಕಂಬ ಅವರ ಮನೆಗೆ ಹೋಗುತ್ತಿದ್ದ. ತರಕಾರಿ ಹೆಚ್ಚುತ್ತಿದ್ದ, ಅವಳನ್ನು ಮೊಣಕೈ ಹಿಡಿದು ಓಣಿಯ ತುದಿಯವರೆಗೆ ನಡೆಸುತ್ತಿದ್ದ. ಎಷ್ಟೋ ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಎರಡು ವರ್ಷದಲ್ಲಿ ಅವಳ ಕಾಲು ಸುಧಾರಿಸಿತು, ತನ್ನನ್ನೇ ನಂಬದ ಆ ಕಾಯಿಲೆ ಮಾತ್ರ ಬಿಗಡಾಯಿಸುತ್ತಾ ಹೋಯಿತು. ಒಲೆ ಆರಿಸಿ, ಆರಿದ್ದನ್ನು ಕಣ್ಣಾರೆ ನೋಡಿ, "ಆರಿದೆಯಾ?" ಅಂತ ಕೇಳುತ್ತಿದ್ದಳು. ಅಪ್ಪ ಮನೆಗೆ ಬಂದರೆ "ಬಂದ್ಯಾ, ಅಲ್ಲ ನಂಗೆ ಹಾಗೆ ಕಾಣ್ತಿದೆಯಾ?" ಅನ್ನುತ್ತಿದ್ದಳು. ಅವರು ಬಸ್ಸು ಬಿಟ್ಟು ಮನೆಯಲ್ಲೇ ಕೂರುವಂತಾಯಿತು.

ಮೊನ್ನೆ ಮೊನ್ನೆಯ ಒಂದು ಭಾನುವಾರ, ಮಧ್ಯಾಹ್ನ. ಅವಳಪ್ಪ ಔಷಧಿ ತರಲು ಹೋಗಿದ್ದರು. ಹಿತ್ತಲ ಬಾಗಿಲಿನ ಹೊರಗೆ ಎರಡು ಮೆಟ್ಟಿಲು. ಚೋಟು ಹೊಸ್ತಿಲ ಮೇಲೆ ನಿಂತುಬಿಟ್ಟಳು. ಬಿಸಿಲು ನೇರ ಮೆಟ್ಟಿಲ ಮೇಲೆಯೇ ಬಿದ್ದಿತ್ತು.

"ಚಿಕ್ಕಮ್ಮ, ಇಲ್ಲಿ ಮೆಟ್ಟಿಲು... ಇದೆಯಾ? ನಂಗೆ ಕಾಣ್ತಿದೆ. ಆದ್ರೆ ಇದೆಯಾ?"

ಇದೆ ಕಣೇ ಅಂದೆ. ಅವಳು ಇಳಿಯಲಿಲ್ಲ. ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ಕಂಬನ ಕಡೆ ತಿರುಗಿ, ಪ್ರತಿ ಭಾನುವಾರ ಕೇಳುವುದನ್ನೇ ಕೇಳಿದಳು.

"ಕಂಬ, ಆವತ್ತು ನೀನು ಕೆಳಗೆ ಬಂದಿದ್ದೆ, ಅಲ್ವಾ?"

"ಬಂದಿದ್ದೆ ಕಣೇ ಮೂಟೆ," ಅಂದ ಅವನು, ಚಾಕುವಿನಿಂದ ಕಣ್ಣೆತ್ತದೆ.

"ನಂಗೆ ಐಸು ಮಾತ್ರ ಕಾಣುತ್ತೆ. ಥೂ, ದರಿದ್ರ ತಲೆ," ಅಂತ ಅವಳು ಅಂಗೈಯಿಂದ ತನ್ನ ತಲೆಗೆ ಹೊಡೆದುಕೊಂಡಳು. ಒಂದಲ್ಲ, ಮೂರು ಸಲ. ಯಾವ ತಲೆಗೆ ಏನೂ ತಾಗಬಾರದು ಅಂತ ಒಂಬತ್ತು ವರ್ಷ ಅವನು ಮೂಳೆ ಮುರಿದುಕೊಂಡನೋ, ಆ ತಲೆಗೆ.

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ.

"ಬಂದಿರ್ಲಿಲ್ಲ!" ಅಂತ ಕೂಗಿದೆ. "ಬಂದಿರ್ಲಿಲ್ಲ ಕಣೇ ಅವನು. ನಾನು ಕಣ್ಣಾರೆ ನೋಡ್ದೆ. ಕೈ ಜಾರಿದಾಗ ಒಂದು ಹೆಜ್ಜೆ ಹಿಂದಕ್ಕೆ ಸರಿದ. ನಿನಗೆ ಕಂಡಿದ್ದೇ ನಿಜ. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು ನಾನು."

ಚಾಕುವಿನ ಸದ್ದು ನಿಂತಿತು. ಕಂಬ ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದ. ಆಮೇಲೆ ಹೇಳಿದ.

"ಪಕ್ಕೆ ನೋಯ್ತಿತ್ತು. ಇನ್ನೊಂದು ಸಲ ಆಗಲ್ಲ ಅನ್ನಿಸ್ತು. ಅನ್ನಿಸೋ ಮುಂಚೆನೇ ಕಾಲು ಹಿಂದೆ ಹೋಗಿತ್ತು, ಚೋಟು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೈಯುತ್ತಾಳೆ ಅಂದುಕೊಂಡೆ, ಬಿದ್ದುಬಿಡುತ್ತಾಳೇನೋ ಅಂತಲೂ ಹೆದರಿದೆ. ಆಮೇಲೆ ಒಂದೊಂದೇ ಮಾತು ಹುಡುಕಿ ಆಡಿದಳು.

"ಕೈ ವಿಷಯ ನಂಗೆ ಗೊತ್ತಿತ್ತು. ನನ್ನ ಸೊಂಟದ ಮೇಲೆ... ಮೂರೇ ಬೆರಳು ಇರ್ತಿದ್ವು. ಎಂಟು ತಿಂಗಳು. ಆಟ ನಿಲ್ಲುತ್ತೆ ಅಂತ ನಾನೂ ಹೇಳ್ಲಿಲ್ಲ. ಅದಕ್ಕೆ ನಂಗೆ ಸಿಟ್ಟಿಲ್ಲ. ಒಂದು ಹೆಜ್ಜೆ ಹಿಂದೆ ಹೋದ್ಯಲ್ಲ, ಅದಕ್ಕೂ... ನೋಯ್ತಿತ್ತು ನಿಂಗೆ. ಆದ್ರೆ ಎರಡು ವರ್ಷ ನೀನು ನನ್ನ ಪಕ್ಕ ಕೂತು, ಬಂದಿದ್ದೆ, ಬಂದಿದ್ದೆ ಅಂದೆ. ನಾನು ಹುಚ್ಚಿ ಅಂದ್ಕೊಂಡೆ. ಅದನ್ನ ನೀನು ನೋಡ್ತಾ ಇದ್ದೆ."

"ಚೋಟು..."

"ಹೋಗು."

ಅವನು ಎದ್ದ. ಹೆಚ್ಚಿದ ಹುರುಳಿಕಾಯಿಯನ್ನು ಬಟ್ಟಲಿಗೆ ಹಾಕಿ, ಚಾಕು ತೊಳೆದಿಟ್ಟು ಹೋದ. ನಾನು ಅವಳ ಹತ್ತಿರ ಹೋಗಿ ಭುಜದ ಮೇಲೆ ಕೈ ಇಡಲು ನೋಡಿದೆ.

"ನೀವೂ ಹೋಗಿ ಚಿಕ್ಕಮ್ಮ," ಅಂದಳು. ಸ್ವಲ್ಪವೂ ಜೋರಾಗಿ ಹೇಳಲಿಲ್ಲ.

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಂಬ ಭಾನುವಾರವೂ ಉಗ್ರಾಣಕ್ಕೆ ಹೋಗುತ್ತಾನೆ, ರಜೆ ಬೇಡ ಅಂದನಂತೆ. ಹೋದ ವಾರ ಚೋಟುವಿನ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು, ಯೂನಿಫಾರ್ಮ್ ಹಾಕಿದ್ದರು, ಮತ್ತೆ ಕೆಲಸಕ್ಕೆ ಹತ್ತಿದ್ದಾರೆ. ನನ್ನ ಮುಖ ನೋಡಿಯೂ ನೋಡದವರ ಹಾಗೆ ಹೋಗಬಹುದಿತ್ತು, ಆದರೆ ನಿಂತರು. ಮಗಳು ಹೇಗಿದ್ದಾಳೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ, ಅವರೇ ಹೇಳಿದರು. ಅಡಿಗೆ ತಾನೇ ಮಾಡಿಕೊಳ್ಳುತ್ತಾಳಂತೆ. ಅಂಗಡಿಗೆ ಒಬ್ಬಳೇ ಹೋಗಿ ಬರುತ್ತಾಳಂತೆ. ಒಲೆ ಆರಿದೆಯಾ, ಬಾಗಿಲು ಹಾಕಿದೆಯಾ ಅಂತ ಈಗ ಯಾರನ್ನೂ ಏನೂ ಕೇಳುವುದಿಲ್ಲವಂತೆ, ಅವರನ್ನೂ ಕೂಡ.